ಕೆಲ್ದಮಾರ್ಕಿನ ನಕ್ಷೆಗೆ ಒಂದು ಸಹಿ

ರಸೀನ್, ವಿಸ್ಕಾನ್ಸಿನ್
೯ ಜನವರಿ ೧೯೮೪

ಪ್ರಿಯ ಮಾರ್ಲಿಸ್,

ಲಕೋಟೆಯ ಮೇಲಿನ ಕೈಬರಹ ನೋಡಿದ ಮೇಲೂ ಇದನ್ನು ಒಲೆಗೆ ಹಾಕದೆ ಒಡೆದಿದ್ದೀಯೆಂದರೆ ಅಷ್ಟರಮಟ್ಟಿಗೆ ನಾನು ಗೆದ್ದೆ. ಮೂರು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಇಷ್ಟು ದಿನ ಒಂದು ಕ್ರಿಸ್ಮಸ್ ಕಾರ್ಡನ್ನೂ ಹಾಕದವನು ಈಗ ದಪ್ಪ ಲಕೋಟೆ ಕಳಿಸಿದ್ದಾನೆ, ಏನೋ ಕೆಲಸವಿರಬೇಕು ಎಂದುಕೊಂಡಿರುತ್ತೀ. ಕೆಲಸವಿದೆ. ಸುತ್ತಿ ಬಳಸಿ ಹೇಳುವುದಿಲ್ಲ.

ನಮ್ಮ ಕೆಲ್ದಮಾರ್ಕ್ ಪುಸ್ತಕವಾಗುತ್ತಿದೆ. ನಾನು ಕೆಲಸ ಮಾಡುವ ನೀಲಿ ಲಾಟೀನು ಆಟದ ಕಂಪನಿಯವರು ಕೊನೆಗೂ ಒಪ್ಪಿದ್ದಾರೆ. ತೊಂಬತ್ತಾರು ಪುಟ, ಜೊತೆಗೆ ಮಡಿಚಿಟ್ಟ ಎರಡು ದೊಡ್ಡ ನಕ್ಷೆ. ಯಾವ ಊರಿಗೆ ಯಾರು ದೊರೆ, ಯಾವ ಕಾಡಿನಲ್ಲಿ ಯಾವ ಭೂತ, ಯಾವ ಹೊಳೆಯನ್ನು ಯಾವ ತಿಂಗಳು ದಾಟಬಹುದು, ಎಲ್ಲವೂ ಇರುತ್ತದೆ. ಮುಖ ಕಂಡಿಲ್ಲದ ಯಾರೋ ಓಹಾಯೋದಲ್ಲೋ ಟೆಕ್ಸಸ್‌ನಲ್ಲೋ ಮೇಜಿನ ಸುತ್ತ ಕೂತು, ಒಬ್ಬ ಕಥೆ ನಡೆಸುತ್ತ, ಉಳಿದವರು ಕಳ್ಳರೂ ಮಾಂತ್ರಿಕರೂ ಆಗಿ ದಾಳ ಉರುಳಿಸಿಕೊಂಡು ನಮ್ಮ ಹೊಳೆ ದಾಟುತ್ತಾರೆ. ನಿಮ್ಮಮ್ಮನ ಅಡಿಗೆಮನೆಯಲ್ಲಿ ಐದು ವರ್ಷದ ಭಾನುವಾರಗಳು, ಚರ್ಚು ಮುಗಿದ ಮೇಲಿಂದ ಹಸು ಕರೆಯುವ ಹೊತ್ತಿನವರೆಗೆ, ನಾವೆಲ್ಲ ಸೇರಿ ಕಟ್ಟಿದ ಲೋಕ. ಈಗ ಅದಕ್ಕೆ ಬೆನ್ನು, ರಟ್ಟು, ಬೆಲೆ ಎಲ್ಲ ಬರುತ್ತಿದೆ.

ಕಥೆ ನಡೆಸುತ್ತಿದ್ದವನು ನಾನಾದ್ದರಿಂದ ಬರಹಕ್ಕೆ ನನ್ನ ಹೆಸರು. ನಕ್ಷೆಗಳು ನಿನ್ನವು. ಆ ನಾಲ್ಕು ಹಾಳೆಗಳನ್ನು ಬರುವಾಗ ಕೊಳವೆಯಲ್ಲಿ ಸುತ್ತಿ ತಂದಿದ್ದೆ, ಕೇಳದೇ ತಂದಿದ್ದೆ. ನಮ್ಮ ಸಂಪಾದಕಿ ವಾಂಡಾ ಅವನ್ನು ಮೇಜಿನ ಮೇಲೆ ಹರಡಿ, ಜೇನುಗೂಡಿನ ಕಣ್ಣುಗಳಂಥ ಆ ಆರುಮೂಲೆಯ ಮನೆಗಳನ್ನೆಲ್ಲ ಬೆರಳಲ್ಲಿ ಸವರಿ, "ಇದನ್ನ ಮತ್ತೆ ಬರೆಸೋದು ಪಾಪ, ಹೀಗೇ ಅಚ್ಚು ಹಾಕೋಣ" ಅಂದಳು. ಅದಕ್ಕೆ ನಿನ್ನ ಸಹಿ ಬೇಕು. ಕಾಗದ ಜೊತೆಗಿದೆ. ಮಾರ್ಚ್ ಮಧ್ಯದೊಳಗೆ ಬಂದರೆ ಸಾಕು. ನಕ್ಷೆಯ ಮೂಲೆಯಲ್ಲಿ ನಿನ್ನ ಹೆಸರು ಇರುತ್ತದೆ.

ನಿಮ್ಮಮ್ಮನಿಗೆ ನನ್ನ ನೆನಪು ಹೇಳು. ಹೇಳಬೇಕೆನಿಸದಿದ್ದರೆ ಬೇಡ.

ಲೋವೆಲ್

*

ವಿರೋಕ್ವಾ
೨೨ ಜನವರಿ

ಲೋವೆಲ್,

ಒಲೆಗೆ ಹಾಕಲಿಲ್ಲ. ಈಗ ನಮ್ಮದು ಗ್ಯಾಸ್ ಒಲೆ.

ಅಮ್ಮನಿಗೆ ನಿನ್ನ ನೆನಪು ಹೇಳಿದೆ. "ಹೊಟ್ಟೆಗೆ ಸರಿಯಾಗಿ ತಿಂತಾನಂತಾ? ಆ ಊರಲ್ಲಿ ಅವನಿಗೆ ಯಾರು ಬೇಯಿಸಿ ಹಾಕ್ತಾರೆ?" ಅಂದಳು. ತಮ್ಮ ವರ್ಲಿನ್‌ನನ್ನು ಮಣ್ಣು ಮಾಡಿದ ದಿನ ನೀನು ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಿದ್ದು, ನೆಲಮಾಳಿಗೆಯ ಊಟಕ್ಕೂ ನಿಲ್ಲದೆ ಹೊರಟುಹೋದದ್ದು ಅವಳ ಕಣ್ಣಿಗೆ ಬಿದ್ದಿತ್ತು. "ಪಾಪ, ತಡ್ಕೊಳೋಕಾಗ್ಲಿಲ್ಲ ಅವನಿಗೆ" ಅನ್ನುತ್ತಾಳೆ ಈಗಲೂ.

ನೀನು ಕೇಳಲಿಲ್ಲ, ಆದರೂ ಬರೆಯುತ್ತೇನೆ. ಹಸುಗಳನ್ನು ಮಾರಿದೆವು, ಮೂವತ್ತೆರಡನ್ನೂ. ತಮ್ಮನಿಲ್ಲದ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಐದಕ್ಕೂ ಸಂಜೆ ಐದಕ್ಕೂ ನಿಲ್ಲುವುದು ನನ್ನೊಬ್ಬಳಿಂದ ಆಗಲಿಲ್ಲ. ನಾನು ಕೌಂಟಿಯ ರಸ್ತೆ ಇಲಾಖೆಯಲ್ಲಿ ಮೋರಿಗಳ ನಕ್ಷೆ ಬರೆಯುತ್ತೇನೆ. ಎಷ್ಟು ಅಡಿ ಉದ್ದ, ಎಷ್ಟು ಇಂಚು ಅಗಲ, ನೀರು ಯಾವ ಕಡೆಗೆ. ಮೋರಿಗೆ ಯಾರೂ ಹೆಸರಿಡುವುದಿಲ್ಲ, ಅದೊಂದು ಸುಖ.

ಸಹಿಯ ವಿಷಯಕ್ಕೆ ಮುಂಚೆ ಒಂದು ಪ್ರಶ್ನೆ. ನಕ್ಷೆಯ ಹೆಸರುಗಳು ಏನಾದವು? ನಮ್ಮ ಮೇಜಿನ ಕಟ್ಟಳೆ ನಿನ್ನ ವಾಂಡಾಗೆ ಹೇಳಿದ್ದೀಯಾ? ಆಟದಲ್ಲಿ ಯಾರ ಪಾತ್ರ ಸತ್ತರೆ ಅವರು ಆ ದಿನ ನನ್ನ ಶಾಯಿ ಪೆನ್ನು ಹಿಡಿದು ನಕ್ಷೆಯಲ್ಲಿ ಒಂದು ಜಾಗಕ್ಕೆ ಹೆಸರು ಬರೆಯಬೇಕು. ಗುಡ್ಡವೋ ಹೊಳೆಯೋ ಹೊಂಡವೋ, ಅವರಿಷ್ಟ. ಬೇರೆಯವರು ನಗುವಂತಿಲ್ಲ, ಅಳಿಸುವಂತಿಲ್ಲ. ಹಾರ್ಡ್‌ವೇರ್ ಅಂಗಡಿಯ ಓರ್ಲಾಂಡ್ ತನ್ನ ಮಾಂತ್ರಿಕ ಸತ್ತಾಗ "ಅಜ್ಜಿ ಮೊಣಕಾಲು ಗುಡ್ಡ" ಅಂತ ಬರೆದು, ನಾವು ಯಾರೂ ನಗದೆ ತುಟಿ ಕಚ್ಚಿಕೊಂಡು ಕೂತದ್ದು ನೆನಪಿದೆಯಾ? ನಲವತ್ತೊಂದು ಹೆಸರು ಹಾಗೆ ಬಂದವು. ನಲವತ್ತೊಂದು ಸಾವು. ಅವುಗಳಲ್ಲಿ ಒಂದನ್ನು ಬದಲಾಯಿಸಿದ್ದರೂ ನಾನು ಸಹಿ ಮಾಡುವುದಿಲ್ಲ.

ಮಾರ್ಲಿಸ್

*

ರಸೀನ್
೩ ಫೆಬ್ರವರಿ

ಪ್ರಿಯ ಮಾರ್ಲಿಸ್,

ನಲವತ್ತೊಂದೂ ಇವೆ. ಅಜ್ಜಿ ಮೊಣಕಾಲಿಗೋಸ್ಕರ ಒಂದು ಇಡೀ ಮಧ್ಯಾಹ್ನ ಜಗಳವಾಡಿದ್ದೇನೆ. ಕಂಪನಿಯ ಯಜಮಾನ, "ಕತ್ತಿ ಹಿಡ್ಕೊಂಡು ಯುದ್ಧಕ್ಕೆ ಹೊರಟವನು ಅಜ್ಜಿ ಮೊಣಕಾಲು ಹತ್ತಬೇಕೇನಯ್ಯಾ, ಓದೋರು ಏನಂತಾರೆ?" ಅಂದ. "ನಿಜವಾದ ಊರುಗಳ ಹೆಸರು ಇದಕ್ಕಿಂತ ಕೆಟ್ಟದಾಗಿರ್ತವೆ ಸಾರ್, ಅದಕ್ಕೇ ಇದು ನಿಜ ಅನ್ನಿಸೋದು" ಅಂದೆ. ವಾಂಡಾ ನನ್ನ ಪಕ್ಷ ನಿಂತಳು. ಈ ಊರಿನ ಡೇನಿಷ್ ಬೇಕರಿಯ ಬಾದಾಮಿ ಕ್ರಿಂಗಲ್ ಒಂದನ್ನು ಇಡಿಯಾಗಿ ತಿಂದು ಮುಗಿಸುವಷ್ಟರಲ್ಲಿ ಯಜಮಾನ ಸೋತ.

ತೊಂದರೆ ಇರುವುದು ಹೆಸರು ಇಲ್ಲದ ಜಾಗದಲ್ಲಿ. ನದಿಯ ತೆಂಕಣ ತಿರುವಿನಲ್ಲಿ, ಆ ಜೌಗು ನೆಲದ ಮಗ್ಗುಲಿಗೆ, ನೀನು ಅಂಚು ಕಟ್ಟಿ ಬಿಳಿಯಾಗಿ ಬಿಟ್ಟಿದ್ದೀಯಲ್ಲ, ಅದು. ವಾಂಡಾ ನಾಲ್ಕು ಸಲ ಕೇಳಿದಳು. ಅದು ವರ್ಲಿನ್‌ಗೆ ಸೇರಿದ್ದು, ಅವನ ಟೋರ್ಬೋ ಸತ್ತ ದಿನ ಅವನು ಪೆನ್ನು ಹಿಡಿದು ಮತ್ತೆ ಕೆಳಗಿಟ್ಟು ಹೋದ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಯೋಚಿಸ್ತಿದ್ದೀನಿ" ಅಂದೆ. ಖಾಲಿ ಬಿಟ್ಟರೆ ಅಚ್ಚಿನ ತಪ್ಪು ಎಂದು ಜನ ಕಾಗದ ಬರೆಯುತ್ತಾರಂತೆ. ನಿನಗೆ ಒಂದು ಹೆಸರು ತೋಚಿದರೆ ಬರೆ. ಅವನ ಅಕ್ಕ ನೀನು.

ಟೋರ್ಬೋನ ಬಗ್ಗೆ ಪುಸ್ತಕದಲ್ಲಿ ಅರ್ಧ ಪುಟ ಬರೆದಿದ್ದೇನೆ. ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಓಡಾಡುವ, ಯುದ್ಧ ಬಂತೆಂದರೆ ಮೊದಲು ಮರ ಹತ್ತುವ ಕಳ್ಳ. ಮೂರು ಏಟಿಗೆ ಸಾಯುವಂಥ ಮನುಷ್ಯನನ್ನು ವರ್ಲಿನ್ ಐದು ವರ್ಷ ಬದುಕಿಸಿಕೊಂಡು ಬಂದದ್ದು ಹೇಗೆಂದು ಓದಿದವರು ಯಾರೂ ನಂಬುವುದಿಲ್ಲ.

ಲೋವೆಲ್

*

ವಿರೋಕ್ವಾ
೨೦ ಫೆಬ್ರವರಿ

ಲೋವೆಲ್,

ಹೆಸರು ನನಗೆ ತೋಚುವುದಿಲ್ಲ. ಆ ಜಾಗದ ಬಗ್ಗೆ ನನ್ನನ್ನು ಕೇಳಬೇಡ.

ಅದರ ಬದಲು ನಾನು ನಿನ್ನನ್ನು ಒಂದು ಕೇಳುತ್ತೇನೆ. ಮೂರು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು. ನೀನಾಗಿ ಬರೆಯದಿದ್ದರೆ ಹಾಗೇ ಇಟ್ಟುಕೊಂಡಿರುತ್ತಿದ್ದೆ.

ಜನವರಿ ೧೯೮೧ರ ಆ ಭಾನುವಾರ, ಟೋರ್ಬೋ ಪೆಟ್ಟಿಗೆಯೊಳಗೆ ಕೈ ಹಾಕಿದ. ವಿಷದ ಮುಳ್ಳು ಚುಚ್ಚಿತು ಅಂದೆ ನೀನು. ಬದುಕಬೇಕಾದರೆ ಇಪ್ಪತ್ತು ಮುಖದ ದಾಳದಲ್ಲಿ ಹನ್ನೊಂದೋ ಅದಕ್ಕಿಂತ ಹೆಚ್ಚೋ ಬೀಳಬೇಕು. ಅಂಥದ್ದನ್ನು ಉರುಳಿಸುವವನು ನೀನು, ನಿನ್ನ ಮುಂದಿದ್ದ ರಟ್ಟಿನ ಮರೆಯ ಹಿಂದೆ, ಯಾರಿಗೂ ಕಾಣದ ಹಾಗೆ. ಉರುಳಿಸಿದೆ. "ನಾಲ್ಕು" ಅಂದೆ. ವರ್ಲಿನ್ ಪೆನ್ನು ತೆಗೆದುಕೊಂಡ, ನಕ್ಷೆಯ ಮೇಲೆ ಬಾಗಿದ, ಪೆನ್ನು ಕೆಳಗಿಟ್ಟ. "ಹಸು ಕರೀಬೇಕು" ಎಂದು ಎದ್ದು ಹೋದ. ಆಗಿನ್ನೂ ಮೂರೂವರೆ.

ನಾನು ಕೊಟ್ಟಿಗೆಗೆ ಹೋದೆ. "ಅವನು ಸುಳ್ಳು ಹೇಳ್ದ ಕಣೇ. ನಾಲ್ಕು ಬಿದ್ದಿರ್ಲಿಲ್ಲ" ಅಂದ. ನಾನು, "ಲೋವೆಲ್ ದಾಳದ ವಿಷಯದಲ್ಲಿ ಸುಳ್ಳು ಹೇಳೋನಲ್ಲ. ಇಪ್ಪತ್ತೇಳು ವರ್ಷದ ಗಂಡಸು ಒಂದು ಆಟಕ್ಕೆ ಹೀಗೆ ಮುಖ ಊದಿಸ್ಕೋತಾನಾ?" ಅಂದೆ. ಅದೇ ಕೊನೆ. ಅವನು ಆಮೇಲೆ ಆಟಕ್ಕೆ ಬರಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಒಂದೇ ಮನೆ, ಒಂದೇ ಮೇಜು, ಉಪ್ಪು ಬೇಕಾದರೆ ಅಮ್ಮನನ್ನು ಕೇಳುತ್ತಿದ್ದ. ಏಳು ವಾರ. ಆಮೇಲೆ ಮಾರ್ಚ್ ಹದಿನೇಳರ ಬೆಳಿಗ್ಗೆ ಅವನಿದ್ದ ಹಾಲಿನ ಲಾರಿ ಕಿಕಾಪೂ ಹೊಳೆಯ ಸೇತುವೆಯ ಮೇಲೆ ಮಂಜಿನಲ್ಲಿ ಜಾರಿತು.

ನಿನ್ನ ದಾಳದ ನೇರತನ ಇಡೀ ಕೌಂಟಿಗೆ ಗೊತ್ತಿತ್ತು. ಎರಡು ವರ್ಷ ಮುದ್ದಿನಿಂದ ಕಟ್ಟಿದ ನಿನ್ನ ಮಂಜಿನ ರಾಣಿಯನ್ನು ಓರ್ಲಾಂಡ್ ಮೊದಲನೇ ಏಟಿಗೇ ಕೊಂದಾಗ, ನೀನು ಬೆಳ್ಳಗಾದೆ, ಆದರೆ ದಾಳ ಹೇಳಿದ್ದನ್ನೇ ಹೇಳಿದೆ. ಅದನ್ನು ಕಂಡವಳು ನಾನು. ಅದಕ್ಕೇ ತಮ್ಮನಿಗೆ ಹಾಗಂದೆ.

ನಿನ್ನ ಕೈಬರಹದಲ್ಲಿ ಬೇಕು. ಆ ದಿನ ದಾಳದ ಮೇಲೆ ಎಷ್ಟಿತ್ತು? ನಾಲ್ಕು ಎಂದು ನೀನು ಬರೆದರೆ ನಾನು ತಮ್ಮನಿಗೆ ಅಂದದ್ದು ಒರಟು ಮಾತಾದರೂ ಸುಳ್ಳು ಮಾತಲ್ಲ ಎಂದಾದರೂ ಆಗುತ್ತದೆ. ನಿನ್ನ ಕಾಗದಕ್ಕೆ ಸಹಿ ಮಾಡಿಟ್ಟಿದ್ದೇನೆ. ಉತ್ತರ ಬಂದ ದಿನ ಅಂಚೆಗೆ ಹಾಕುತ್ತೇನೆ.

ಮಾರ್ಲಿಸ್

*

ರಸೀನ್
೨೪ ಫೆಬ್ರವರಿ

ಪ್ರಿಯ ಮಾರ್ಲಿಸ್,

ನಾಲ್ಕು.

ನನಗೆ ಸ್ಪಷ್ಟವಾಗಿ ನೆನಪಿದೆ. ಕೆಂಪು ದಾಳ. ಪುಸ್ತಕದ ಅಂಚಿಗೆ ತಾಗಿ ಒಮ್ಮೆ ತಿರುಗಿ ನಿಂತಿತು. ನಾನೂ ಎರಡು ಸಲ ನೋಡಿದೆ, ಆರೋ ಏನೋ ಅಂತ. ಆರಾಗಿದ್ದರೂ ಸಾಯುತ್ತಿದ್ದ ಅನ್ನು. ನಾಲ್ಕೇ ಇತ್ತು. ವರ್ಲಿನ್‌ಗೆ ಟೋರ್ಬೋ ಎಂದರೆ ಎಷ್ಟು ಪ್ರೀತಿಯೆಂದು ನಮಗೆಲ್ಲ ಗೊತ್ತು. ಅಷ್ಟು ಪ್ರೀತಿಸಿದವನಿಗೆ ಯಾರನ್ನಾದರೂ ದೂರಬೇಕೆನಿಸುವುದು ಸಹಜ. ನಿನ್ನ ಮೇಲೆ ತಪ್ಪು ಹೊರಿಸಿಕೊಳ್ಳಬೇಡ.

ಲೋವೆಲ್

*

ವಿರೋಕ್ವಾ
೧ ಮಾರ್ಚ್

ಲೋವೆಲ್,

ಸಹಿ ಮಾಡಿದ ಕಾಗದ ಜೊತೆಗಿದೆ.

ನೀನು ಬರೆದದ್ದು ಸಾಕು. ಅಮ್ಮನಿಗೂ ಓದಿ ಹೇಳಿದೆ. "ನನ್ನ ಮಗನಿಗೆ ಮೂಗಿನ ತುದೀಲೇ ಕೋಪ, ಹುಟ್ಟಿದಾಗಿಂದ" ಎಂದು ಕಣ್ಣೊರೆಸಿಕೊಂಡಳು. ನಿನ್ನ ಕಾಗದವನ್ನು ತನ್ನ ಬೈಬಲಿನೊಳಗೆ ಇಟ್ಟುಕೊಂಡಿದ್ದಾಳೆ. ಹಿಮ ಮೊಣಕಾಲುದ್ದ ಇದ್ದರೂ ಕೇಳದೆ ಗೋರಿಯ ಹತ್ತಿರ ಹೋಗಿಬಂದಳು. ಅಲ್ಲಿ ಏನು ಹೇಳಿದಳೋ ನಾನು ಕೇಳಲಿಲ್ಲ, ಕಾರಿನಲ್ಲೇ ಕೂತಿದ್ದೆ.

ನಿನಗೆಂದು ಆಲೂಗಡ್ಡೆಯ ತೆಳು ರೊಟ್ಟಿ, ಲೆಫ್ಸ, ಮಾಡಿದ್ದಾಳೆ. ಬಟ್ಟೆಯಲ್ಲಿ ಸುತ್ತಿ ಬೇರೆ ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ. ಬೆಣ್ಣೆ ಸಕ್ಕರೆ ಹಚ್ಚಿ ತಿನ್ನಬೇಕಂತೆ, ಒಣಕಲು ತಿನ್ನಬಾರದಂತೆ.

ಮಾರ್ಲಿಸ್

*

ರಸೀನ್
೧೪ ಮಾರ್ಚ್

ಪ್ರಿಯ ಮಾರ್ಲಿಸ್,

ಕಾಗದ ತಲುಪಿತು. ವಕೀಲರಿಗೆ ಕೊಟ್ಟೆ. ಎಲ್ಲ ಸರಿಯಿದೆಯಂತೆ.

ಲೆಫ್ಸ ಆಫೀಸಿನಲ್ಲಿ ಎಲ್ಲರಿಗೂ ಹಂಚಿದೆ. ಬಹಳ ರುಚಿಯಾಗಿತ್ತು ಅಂದರು. ಅಮ್ಮನಿಗೆ ತಿಳಿಸು.

ಶನಿವಾರ ಮಾರ್ಚ್ ಹದಿನೇಳು. ನೆನಪಿದೆ.

ಲೋವೆಲ್

*

ರಸೀನ್
೧೧ ಏಪ್ರಿಲ್

ಮಾರ್ಲಿಸ್,

ಅದು ಹದಿನೇಳು.

ಫೆಬ್ರವರಿಯಲ್ಲಿ ನಿನಗೆ ಬರೆದದ್ದು ಸುಳ್ಳು. ದಾಳದ ಮೇಲೆ ಹದಿನೇಳು ಬಿದ್ದಿತ್ತು. ಹನ್ನೊಂದು ಸಾಕಿತ್ತು. ಟೋರ್ಬೋ ಬದುಕಿದ್ದ, ನಾನು ಕೊಂದೆ. ವರ್ಲಿನ್ ಕೊಟ್ಟಿಗೆಯಲ್ಲಿ ನಿನಗೆ ಹೇಳಿದ್ದು ನಿಜ. ಇದನ್ನು ಮೂರು ಸಾಲಿನಲ್ಲಿ ಬರೆಯಬಹುದಿತ್ತು. ಬರೆಯಲು ಏಳು ವಾರ ಬೇಕಾಯಿತು.

ಯಾಕೆಂದು ನೀನು ಕೇಳುತ್ತೀ. ಆ ದಿನ ನಡುವೆ ಕಾಫಿಗೆ ಎದ್ದಾಗ, ನೀಲಿ ಲಾಟೀನಿಗೆ ಕೆಲಸ ಕೇಳಿ ನಾನು ಬರೆದ ಅರ್ಜಿ ನನ್ನ ಪುಸ್ತಕದೊಳಗಿಂದ ಜಾರಿ ಬಿತ್ತು. ವರ್ಲಿನ್ ಎತ್ತಿಕೊಂಡ. ಟೋರ್ಬೋನ ಆ ಗೊಗ್ಗರು ದನಿಯಲ್ಲಿ ಓದಿದ. "ಕೆಲ್ದಮಾರ್ಕ್ ಎಂಬುದು ಒಂದು ಭವ್ಯ ಲೋಕ, ಇದನ್ನು ನಾನೊಬ್ಬನೇ ಕಟ್ಟಿದ್ದೇನೆ." ಅಲ್ಲಿಗೆ ನಿಲ್ಲಿಸಿ ಸುತ್ತ ನೋಡಿ, "ಓ, ನಾವೆಲ್ಲ ಬರೀ ಕಾಫಿ ಕುಡಿಯೋಕೆ ಬರ್ತಿದ್ವಾ? ಭವ್ಯ ದೊರೆಗಳೇ, ಒಂದು ಕೋಳಿಗೆ ಜಾಗ ಕೊಡಿ ನಿಮ್ಮ ಲೋಕದಲ್ಲಿ" ಅಂದ. ನೀವೆಲ್ಲ ನಕ್ಕಿರಿ. ನಿಮ್ಮಮ್ಮನೂ ಏಪ್ರನ್ನಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಅವನು ಹೇಳಿದ್ದು ಸರಿ, ಅದಕ್ಕೇ ಅಷ್ಟು ಚುಚ್ಚಿತು. "ನಾನೊಬ್ಬನೇ" ಎಂದು ಬರೆದಿದ್ದೆ.

ಅರ್ಧ ಗಂಟೆಯ ಮೇಲೆ ಅವನ ಕಳ್ಳ ಪೆಟ್ಟಿಗೆಯೊಳಗೆ ಕೈ ಹಾಕಿದ. ಹದಿನೇಳು ಬಿತ್ತು. ನಾನು ಯೋಚನೆಯನ್ನೇ ಮಾಡಲಿಲ್ಲ, ಬಾಯಿ ನಾಲ್ಕು ಅಂದಿತು. ಆಮೇಲೆ ದಾಳದ ಮೇಲೆ ಅಂಗೈ ಮುಚ್ಚಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ವರ್ಲಿನ್‌ಗೆ ಗೊತ್ತಾದದ್ದು ಅದರಿಂದಲೇ ಇರಬೇಕು.

ಮುಂದಿನ ಭಾನುವಾರ ಅವನು ಬರುತ್ತಾನೆ, ಏನಾದರೂ ಉಪಾಯ ಮಾಡಿ ಟೋರ್ಬೋನನ್ನು ಎಬ್ಬಿಸೋಣ ಎಂದುಕೊಂಡಿದ್ದೆ. ನಮ್ಮ ಲೋಕದಲ್ಲಿ ಅದೇನು ಕಷ್ಟ, ದಾರಿಯಲ್ಲಿ ಒಬ್ಬ ಪೂಜಾರಿ ಸಿಕ್ಕಿದರೆ ಆಯಿತು. ಪೂಜಾರಿಯ ಹೆಸರನ್ನೂ ಬರೆದಿಟ್ಟಿದ್ದೆ. ವರ್ಲಿನ್ ಬರಲಿಲ್ಲ. ಅವನ ಮನೆ ಬಾಗಿಲಿಗೇ ಪ್ರತಿ ಭಾನುವಾರ ಬರುತ್ತಿದ್ದೆನಲ್ಲ, ಕೊಟ್ಟಿಗೆಯವರೆಗೆ ಇಪ್ಪತ್ತು ಹೆಜ್ಜೆ. ಇಡಲಿಲ್ಲ. ಒಂದು ಆಟದ ಕಳ್ಳ ಸತ್ತದ್ದಕ್ಕೆ ವರ್ಲಿನ್ ಸಾಯಲಿಲ್ಲ, ಅದು ಗೊತ್ತು ನನಗೆ. ಆದರೆ ಅವನ ಕೊನೆಯ ಏಳು ವಾರ ಹಾಳು ಮಾಡಿದವನು ನಾನು. ನೀನು ನನ್ನನ್ನು ನಂಬಿ ತಮ್ಮನನ್ನು ಕಳೆದುಕೊಂಡೆ. ಅದನ್ನು ತಿಳಿದೂ ನಿನಗೆ ಇನ್ನೊಂದು ಸುಳ್ಳು ಬರೆದು ಸಹಿ ತೆಗೆದುಕೊಂಡೆ. ನಿಮ್ಮಮ್ಮ ಕಳಿಸಿದ ಲೆಫ್ಸದಲ್ಲಿ ಒಂದು ಚೂರನ್ನೂ ನಾನು ತಿಂದಿಲ್ಲ.

ನಿನ್ನೆ ನಕ್ಷೆಯ ಕರಡಚ್ಚು ಬಂತು. ಬಿಳಿ ಜಾಗಕ್ಕೆ ವಾಂಡಾ ತಾನೇ "ಕತ್ತಲ ಜೌಗು" ಎಂದು ಹೆಸರು ಹಾಕಿಸಿದ್ದಳು. ನಾನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದೆ. "ಒಂದು ಜೌಗಿಗೆ ಯಾರಾದ್ರೂ ಹೀಗೆ ಕಣ್ಣೀರು ಹಾಕ್ತಾರೇನಯ್ಯಾ?" ಅಂದಳು. ಅವಳಿಗೆ ಎಲ್ಲ ಹೇಳಿದೆ. "ಇದನ್ನ ನನಗ್ಯಾಕೆ ಹೇಳ್ತಿದ್ದೀಯಾ?" ಅಂದಳು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಜಾಗ ಬಿಳಿಯಾಗಿಯೇ ಉಳಿಯುತ್ತದೆ, ಜನ ಬೇಕಾದರೆ ಕಾಗದ ಬರೆಯಲಿ.

ಮೇ ಏಳಕ್ಕೆ ಅಚ್ಚು. ಅದಕ್ಕೆ ಮುಂಚೆ ನೀನು ವಾಂಡಾಗೆ ಒಂದು ಸಾಲು ಬರೆದು ಸಹಿ ವಾಪಸು ಪಡೆಯಬಹುದು, ಮೋಸದಿಂದ ತೆಗೆದುಕೊಂಡದ್ದು ಎಂದು. ನಾನು ಅಲ್ಲ ಎನ್ನುವುದಿಲ್ಲ. ಪುಸ್ತಕ ನಿಲ್ಲುತ್ತದೆ, ನನ್ನ ಕೆಲಸ ಹೋಗುತ್ತದೆ. ಹೋಗಲಿ. ಕ್ಷಮಿಸು ಎಂದು ಬರೆಯಲು ಮುಖವಿಲ್ಲ.

ಲೋವೆಲ್

*

ವಿರೋಕ್ವಾ
೨೯ ಏಪ್ರಿಲ್

ಲೋವೆಲ್,

ಸಹಿ ವಾಪಸು ತೆಗೆದುಕೊಳ್ಳುವುದಿಲ್ಲ. ಪುಸ್ತಕ ಬರಲಿ. ನನ್ನ ಹೆಸರನ್ನು ಮಾತ್ರ ನಕ್ಷೆಯಿಂದ ತೆಗೆಸು. ಮುನಿಸಿನಿಂದ ಹೇಳುತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಹಾಳೆಗೆ ಇಳಿಸುವವಳು ನಕ್ಷೆಗಾರ್ತಿ. ನಾನು ಅದಲ್ಲ.

ಹದಿನೇಳು ಎಂದು ನನಗೆ ಗೊತ್ತಿತ್ತು.

ನಾನು ನಿನ್ನ ಎಡಕ್ಕೆ ಕೂರುತ್ತಿದ್ದೆ, ಮೇಜಿನ ಮೂಲೆಗೆ. ಗುಟ್ಟಿನ ಬಾಗಿಲು, ನೆಲದಡಿಯ ದಾರಿಗಳನ್ನೆಲ್ಲ ನಿನ್ನ ಹಾಳೆಯಿಂದ ದೊಡ್ಡ ನಕ್ಷೆಗೆ ಏರಿಸಬೇಕಾದವಳು ನಾನಾದ್ದರಿಂದ ರಟ್ಟಿನ ಮರೆ ನನಗೆ ಮಾತ್ರ ಮರೆಯಲ್ಲ. ನಾನು ತಲೆ ತಗ್ಗಿಸಿ ಗೆರೆ ಎಳೆಯುತ್ತಿದ್ದೇನೆಂದೇ ನೀನು ತಿಳಿದೆ. ದಾಳ ಪುಸ್ತಕದ ಅಂಚಿಗೆ ತಾಗಲಿಲ್ಲ. ನನ್ನ ಅಳತೆಪಟ್ಟಿಗೆ ತಾಗಿ ನಿಂತಿತು. ಹದಿನೇಳು ನನ್ನ ಕಡೆಗೇ ತಿರುಗಿತ್ತು. ನೀನು ನಾಲ್ಕು ಎಂದಾಗ ನಾನು ತಲೆಯೆತ್ತಿದೆ. ನೀನು ನನ್ನನ್ನು ನೋಡಲಿಲ್ಲ. ವರ್ಲಿನ್ ನೋಡಿದ. ಅವನಿಗೆ ಗೊತ್ತಾದದ್ದು ನಿನ್ನ ಅಂಗೈಯಿಂದಲ್ಲ, ನನ್ನ ಮುಖದಿಂದ.

ಕೊಟ್ಟಿಗೆಯ ಮಾತನ್ನು ಫೆಬ್ರವರಿಯಲ್ಲಿ ನಿನಗೆ ಅರ್ಧವೇ ಬರೆದೆ. ಉಳಿದರ್ಧ ಇದು. ಕೆಚ್ಚಲು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ನನ್ನ ಮುಂದೆ ಬಂದು ನಿಂತು, "ನೀನು ಅವನ ಪಕ್ಕದಲ್ಲೇ ಕೂತಿದ್ದೆ. ಎಷ್ಟು ಬಿದ್ದಿತ್ತು, ನೀನೇ ಹೇಳು. ನೀನು ನಾಲ್ಕು ಅಂದ್ರೆ ನಾಲ್ಕೇ, ಇನ್ನೊಂದು ಸಲ ಕೇಳಲ್ಲ" ಅಂದ. ಅದಕ್ಕೆ ನಾನು ಕೊಟ್ಟ ಉತ್ತರ, ಲೋವೆಲ್ ಸುಳ್ಳು ಹೇಳೋನಲ್ಲ ಅನ್ನುವುದು. ನಾಲ್ಕು ಅನ್ನಲಿಲ್ಲ, ಹದಿನೇಳೂ ಅನ್ನಲಿಲ್ಲ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಪಕ್ಕದ ಹಸುವಿನ ಹತ್ತಿರ ಹೋಗಿ ಕೂತ.

ಯಾಕೆ ಹೇಳಲಿಲ್ಲ ಎಂದರೆ, ಕಾಫಿಯ ಹೊತ್ತಿನಲ್ಲಿ ನಿನ್ನ ಮುಖ ನೋಡಿದ್ದೆ. ಎಲ್ಲರ ಜೊತೆ ನಾನೂ ನಕ್ಕಿದ್ದೆ, ನಕ್ಕ ಮೇಲೆ ಪಾಪ ಅನಿಸಿತು. ನಿನ್ನ ಮೇಲೆ ನನಗೆ ಮನಸ್ಸಿತ್ತು, ಅದೂ ಒಂದು. ವರ್ಲಿನ್‌ಗೂ ಒಂದು ಏಟು ಬೀಳಲಿ ಎಂದುಕೊಂಡೆ. ಒಂದು ಕೋಳಿ ಕಳ್ಳ ತಾನೇ ಸತ್ತದ್ದು, ಬರುವ ಭಾನುವಾರ ಹೇಳಿದರಾಯಿತು. ಬರುವ ಭಾನುವಾರ ಅವನು ಮಾತಾಡಿಸಲಿಲ್ಲವೆಂದು ನನಗೂ ಬಿಗುಮಾನ ಬಂತು. ಹಾಗೆ ಏಳು ಭಾನುವಾರ ಹೋದವು.

ನೀನು ನಾಲ್ಕು ಎಂದು ಬರೆದುಕೊಟ್ಟರೆ ನನ್ನ ಕಣ್ಣೇ ತಪ್ಪು ನೋಡಿತ್ತೆಂದು ನಂಬಬಹುದು ಎನಿಸಿತ್ತು. ಒಂದು ಸಹಿ ಕೊಟ್ಟು ನಿನ್ನ ಸುಳ್ಳನ್ನು ಕೊಂಡವಳು ನಾನು. ಹತ್ತು ದಿನ ನಂಬಿದೆ ಕೂಡ. ಆದ್ದರಿಂದ ಮೋಸ ಹೋದವಳ ಹಾಗೆ ನನಗೆ ಕಾಗದ ಬರೆಯಬೇಡ.

ಈಸ್ಟರಿನ ಮಾರನೆಯ ದಿನ ಅಮ್ಮನ ಮುಂದೆ ನಿನ್ನ ಎರಡೂ ಕಾಗದ ಇಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟಕ್ಕೇ ಬಿಡಬಹುದಿತ್ತು, ನಾನು ಬಿಡಲಿಲ್ಲ. ಈಗ ನಿನಗೆ ಬರೆದಿರುವುದನ್ನೆಲ್ಲ ಅವಳಿಗೂ ಹೇಳಿದೆ, ಕೊಟ್ಟಿಗೆಯ ಮಾತಿನ ಸಮೇತ.

"ಏಳು ವಾರ ದಿನಾ ರಾತ್ರಿ ಊಟಕ್ಕೆ ಕೂತಾಗ ಬೈತಿದ್ದೆ ಅವನಿಗೆ" ಅಂದಳು. "ಅಕ್ಕನ ಹತ್ರ ಮಾತಾಡೋ, ತಪ್ಪಾಯ್ತು ಅನ್ನೋ ಅಂತ. ಆ ಸೋಮವಾರ ರಾತ್ರೀನೂ ಬೈದೆ. ತಲೆ ಬಗ್ಗಿಸ್ಕೊಂಡು ಉಂಡ."

ಆಮೇಲೆ, ನನ್ನನ್ನು ನೋಡದೆ, "ನೀನು ನೋಡಿದ್ದೆ ಅಂತ ನನ್ನ ಹತ್ರ ಒಂದು ದಿನಾನೂ ಹೇಳ್ಲಿಲ್ಲ ಕಣೇ ಅವನು" ಅಂದಳು.

ಮಾರ್ಲಿಸ್